ಊದಣ್ಣ ಮುಚ್ಚಿದ ಕೊಳವೆ

ಗಾಜಿನ ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಊದಣ್ಣ ಎನ್ನುತ್ತಿದ್ದರು. ಕ್ವಾರ್ಟ್ಸ್ ಕೊಳವೆಯೊಳಗಿನ ಗಾಳಿಯನ್ನು ಪಂಪಿನಿಂದ ಹೊರಗೆಳೆದು, ಅದರ ಬಾಯನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚುವುದು ಅವನ ಮೂವತ್ತು ವರ್ಷದ ಕೆಲಸ. ಕೊಳವೆಗೆ ಸೆಲೆನಿಯಂ, ಜರ್ಮೇನಿಯಂ, ಚೂರು ಆ್ಯಂಟಿಮನಿ ತೂಗಿ ಹಾಕುವವಳು ಹೊಸದಾಗಿ ಸಂಶೋಧನೆಗೆ ಸೇರಿದ್ದ ಹುಡುಗಿ. ಕುಲುಮೆಯಲ್ಲಿ ಓಲಾಡಿಸುತ್ತ ಕರಗಿಸಿ, ತಣ್ಣೀರಿಗೆ ಅದ್ದಿದರೆ ಕಡುಗೆಂಪು ಗಾಜು.

ಜರ್ಮೇನಿಯಂ ಹೆಚ್ಚಿದಷ್ಟೂ ಗಾಜಿನ ಒಳಹೆಣಿಗೆ ಬಿಗಿಯಾಗಿ, ಅದು ಇನ್ನಷ್ಟು ಬೆಳಕನ್ನು ಹಾಯಲು ಬಿಡಬೇಕೆಂಬುದು ಅವಳ ಎಣಿಕೆ. ಜರ್ಮೇನಿಯಂ ಪಾಲು ಏರಿಸುತ್ತ ಮಾಡಿದ ಏಳರಲ್ಲಿ ಮೊದಲ ಐದು ತುಂಡುಗಳು ಮಾತು ಕೇಳಿದವು. ಆರನೆಯದು, ಏಳನೆಯದು ತಿರುಗಿಬಿದ್ದವು. ಬೆಳಕನ್ನು ಇನ್ನೂ ಹೆಚ್ಚು ನುಂಗಿದವು.

"ಊದಣ್ಣನ ಕೈ ನಡುಗುತ್ತೆ ಸರ್. ಒಳಗೆ ಗಾಳಿ ಹೊಕ್ಕಿರ್ಬೇಕು," ಎಂದಳು, ತುಂಬಿದ ಸಭೆಯಲ್ಲಿ, ಪ್ರೊಫೆಸರ್ ಎದುರು. ಮರುದಿನವೇ ಅವನನ್ನು ಉಗ್ರಾಣಕ್ಕೆ ಹಾಕಿದರು.

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೀಕರ್ ತರಲು ಉಗ್ರಾಣಕ್ಕೆ ಹೋದಾಗ ಊದಣ್ಣ ತಲೆಯೆತ್ತದೆ ಕೇಳಿದ: "ಗಾಳಿ ಹೊಕ್ಕಿದ್ರೆ ಗಾಜಲ್ಲಿ ಗುರುತು ಬಿಡಲ್ವೇನಮ್ಮ? ನೋಡಿದ್ಯಾ?"

ನೋಡಿರಲಿಲ್ಲ.

ಸಂಜೆ ಮನೆಯಲ್ಲಿ ಅಕ್ಕ ಗದರಿದಳು. "ಕಾಲು ಸುಟ್ಟ ಬೆಕ್ಕಿನ ಥರ ಯಾಕೇ ಸುತ್ತುತಿದ್ದೀಯ? ಕೂತ್ಕೋ." ತಂಗಿ ಎಲ್ಲ ಹೇಳಿದಳು. ಅಕ್ಕ ನಕ್ಕಳು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಮೊದ್ಲು ಹೋಗಿ ನೋಡೇ."

ಬೆಳಗ್ಗೆ ಬೀಗ ತೆಗೆಯುವ ಮುಂಚೆಯೇ ಅವಳು ಬಾಗಿಲಲ್ಲಿದ್ದಳು. ಗಾಳಿಯ ಆಮ್ಲಜನಕ ಸೇರಿದ್ದರೆ ಅತಿಗೆಂಪು ಬೆಳಕು ಎಷ್ಟು ಹಾಯ್ದಿತೆಂದು ತೋರಿಸುವ ರೇಖೆಯಲ್ಲಿ ಒಂದು ಕುಳಿ ಕಾಣಬೇಕು. ಎರಡು ಸಲ ಅಳೆದಳು. ಕುಳಿಯಿಲ್ಲ. ಲೇಸರ್ ಹಾಯಿಸಿ, ಚೆದುರಿದ ಬೆಳಕಿನ ರೇಖೆ ನೋಡಿದರೆ ಮೊದಲ ಐದು ತುಂಡುಗಳಲ್ಲಿ ಇಲ್ಲದ ಪುಟ್ಟ ದಿಬ್ಬವೊಂದು ಕೊನೆಯೆರಡರಲ್ಲಿ ಎದ್ದಿತ್ತು. ಜೊತೆಯಾಗಲು ಸೆಲೆನಿಯಂ ಸಾಲದೆ ಜರ್ಮೇನಿಯಂ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ದುರ್ಬಲ ಕೊಂಡಿಗಳೇ ಬೆಳಕನ್ನು ನುಂಗುತ್ತಿದ್ದವು. ಊದಣ್ಣನ ಬೆಸುಗೆ ಗಟ್ಟಿಯಾಗಿಯೇ ಇತ್ತು. ತಪ್ಪೆಲ್ಲ ಇದ್ದದ್ದು ಪಾಲಿನಲ್ಲಿ, ಪಾಲು ತೂಗಿದ್ದು ಅವಳೇ.

ಉಗ್ರಾಣಕ್ಕೆ ಓಡಿದಳು. "ತಪ್ಪು ನಂದು ಊದಣ್ಣ. ನಿಮ್ಮ ಕೈಯ್ಯಲ್ಲಿ ಏನೂ ದೋಷ ಇಲ್ಲ."

ಅವನು ಫನಲ್ ಒರೆಸುತ್ತಲೇ ಇದ್ದ. "ನಂಗ್ಯಾಕೆ ಹೇಳ್ತೀಯ? ನಂಗೆ ಗೊತ್ತಿತ್ತು. ಯಾರ ಮುಂದೆ ಆಡಿದ್ಯೋ ಅವರ ಮುಂದೆ ಹೇಳು."

ಸೋಮವಾರದ ಸಭೆಯಲ್ಲಿ ಎದ್ದು ಹೇಳಿದಳು. ಎರಡು ಸಲ ತಡವರಿಸಿದಳು. ಪ್ರೊಫೆಸರ್ ರೇಖೆಗಳನ್ನು ತಿರುಗಿಸಿ ನೋಡಿ, "ಮತ್ತೆ ಮಾಡಿ ತೋರಿಸು," ಎಂದರಷ್ಟೆ.

ಊದಣ್ಣ ಮರಳಿ ಬಂದು ಬರ್ನರ್ ಹೊತ್ತಿಸಿದ. ಮತ್ತೆ ಅದೇ ಪಾಲು, ಹೊಸ ಕೊಳವೆ. ಅವಳು ಪಕ್ಕದಲ್ಲೇ ಕಾಲು ಬದಲಿಸುತ್ತ ನಿಂತಳು.

"ಇಲ್ಲಿ ಚಡಪಡಿಸ್ಬೇಡಮ್ಮ, ಜ್ವಾಲೆ ಅಲ್ಲಾಡುತ್ತೆ. ಹೋಗಿ ಊಟ ಮಾಡು."

ಹೋದಳು. ಡಬ್ಬಿ ಬಿಚ್ಚಿದಳು, ಮತ್ತೆ ಮುಚ್ಚಿಟ್ಟಳು. ಮೂರು ದಿನದ ಮೇಲೆ ಬಂದ ಗಾಜೂ ಮೊದಲಿನಂತೆಯೇ ಬೆಳಕನ್ನು ನುಂಗಿತು. ರೇಖೆಯಲ್ಲಿ ಕುಳಿಯಿರಲಿಲ್ಲ, ಅದೇ ದಿಬ್ಬವಿತ್ತು; ತಪ್ಪು ಪಾಲಿನದೇ. ಅವನು ಅದನ್ನು ಕಿಟಕಿಗೆ ಹಿಡಿದು ನೋಡಿ ಅವಳ ಅಂಗೈಗಿಟ್ಟ.