ಚಾವಣಿಯ ಕಪ್ಪು ಮೂಲೆ

ಬೆಟ್ಟದ ಮೇಲಿನ ಪುರಾತನ ಸಮಾಧಿಯನ್ನು ಪ್ರವಾಸಿಗರಿಗೆ ಮುಚ್ಚಿದ ಮೇಲೆ, ಅದರ ಚಾವಣಿಯ ಚಿತ್ತಾರವನ್ನು ಹಲಗೆಗಳ ಮೇಲೆ ನಕಲು ಮಾಡುವ ಕೆಲಸ ಅದೇ ಬೆಟ್ಟದ ಕುರ್ನಾ ಊರಿನ ಶಾದಿಯಾಳಿಗೆ ಸಿಕ್ಕಿತು. ನೀಲಿ ಸುರುಳಿಗಳು, ನಡುನಡುವೆ ಕೆಂಪು ಹೂವು. ಅವಳ ಕೈಗೆ ಅದು ಬೇಗ ಒಗ್ಗಿತು. ಮೂಲೆಯ ಕಪ್ಪು ಕಲೆಯೊಂದೇ ಅವಳನ್ನು ಕಾಡಿದ್ದು.

ಆ ಕಲೆ ಅವಳ ಮನೆಯವರೇ ಮಾಡಿದ್ದು. ಬೆಟ್ಟದ ಮನೆಗಳನ್ನು ಕೆಡವುವ ಮೊದಲು ಅವಳ ಅಜ್ಜಿ ಬಖೀತಾಳ ಮನೆ ಸಮಾಧಿಗೆ ಅಂಟಿಕೊಂಡೇ ಇತ್ತು. ಸಮಾಧಿಯ ಮುಂಗೋಣೆಯೇ ಅಡುಗೆಮನೆ; ಅಲ್ಲಿನ ಒಲೆಯ ಹೊಗೆಯೇ ಆ ಮಸಿ. ಪ್ರವಾಸಿಗರಿಗೆ ಆ ಮೂಲೆ ತೋರಿಸಿ "ಈ ಊರವರ ಘನಕಾರ್ಯ" ಎಂದು ನಗುವವರನ್ನು ಶಾದಿಯಾ ಚಿಕ್ಕಂದಿನಿಂದ ಕಂಡಿದ್ದಳು. ಹಾಗಾಗಿ ನಕಲಿನಲ್ಲಿ ಆ ಮೂಲೆಗೂ ಸುರುಳಿ, ಹೂಗಳನ್ನೇ ಬರೆದುಬಿಟ್ಟಳು.

ಕೆಲಸದ ಉಸ್ತುವಾರಿಯ ಇನ್ಸಾಫ್ ಮೇಡಂ ಹಲಗೆಯ ಮುಂದೆ ನಿಂತರು. "ಅಲ್ಲಿ ಕಾಣದೇ ಇರೋ ಹೂವು ಇಲ್ಲಿಗೆ ಎಲ್ಲಿಂದ ಬಂತಮ್ಮ?"

"ಮಸಿ ಕೆಳಗೆ ಇದೇ ಇರಬೇಕಲ್ವಾ ಮೇಡಂ."

"ಇರಬಹುದು. ನಾವು ಕಂಡಿಲ್ಲವಲ್ಲ. ಕಂಡಿದ್ದನ್ನ ಬರಿ."

ಶಾದಿಯಾ ಮುಖ ಊದಿಸಿಕೊಂಡು ಮನೆಗೆ ಬಂದಳು. ಅಜ್ಜಿ ಬಿಡಲಿಲ್ಲ, ಕೆದಕಿ ಕೆದಕಿ ಕೇಳಿದಳು. ಎಲ್ಲ ಕೇಳಿದ ಮೇಲೆ, "ನನ್ನನ್ನೂ ಕರ್ಕೊಂಡು ಹೋಗೇ. ಬೆಟ್ಟ ಹತ್ತೋಕೆ ಮಂಡಿ ಬಿಡಲ್ಲ. ನಿನ್ನ ಹಲಗೆನಾದ್ರೂ ನೋಡ್ತೀನಿ" ಎಂದಳು.

ಮಾರನೆಯ ಬೆಳಿಗ್ಗೆ ಬೆಟ್ಟದ ಕೆಳಗಿನ ಕೆಲಸದ ಕೋಣೆಯಲ್ಲಿ ಹಲಗೆಯನ್ನು ಚಾವಣಿಯಂತೆ ಕೆಳಮುಖವಾಗಿ ಎತ್ತರದ ಚೌಕಟ್ಟಿಗೆ ಏರಿಸಿ, ಕೆಳಗೆ ಚಾಪೆ ಹಾಸಿದರು. ಅಜ್ಜಿ ಅಂಗಾತ ಮಲಗಿ ಬಹಳ ಹೊತ್ತು ಮೇಲೆ ನೋಡಿದಳು.

"ನನ್ನ ಒಲೆಯ ಜಾಗ ಎಲ್ಲೇ?"

"ಬರೀಲಿಲ್ಲ ಅಜ್ಜಿ. ನಾಚಿಕೆ ಆಯ್ತು."

"ನಾಚಿಕೆನಾ? ನಿಮ್ಮಪ್ಪನ್ನ ಹೆತ್ತು ಆ ಚಾವಣಿ ಕೆಳಗೇ ಮಲಗಿದ್ದೆ. ಮೇಲೆ ನೋಡ್ತೀನಿ, ಮೂಲೆಯ ಹೂವೆಲ್ಲ ಮಾಯ! ಬಾಣಂತಿ ಅನ್ನೋದನ್ನೂ ಮರೆತು ನಿಮ್ಮಜ್ಜನ ಮೇಲೆ ಜಗಳಕ್ಕೆ ಬಿದ್ದೆ. ಒಲೆ ಅಂಗಳಕ್ಕೆ ಹೋಗೋವರೆಗೂ ರೊಟ್ಟಿ ತಟ್ಟಲ್ಲ ಅಂದೆ. ಆಮೇಲೆ ಬಿಸಿಲಲ್ಲಿ ಬೆಂದಿದ್ದು ನಾನೇ. ಒಲೆ ಒಳಗೇ ಇದ್ದಿದ್ರೆ ಇವತ್ತು ನಿನಗೆ ಬರೆಯೋಕೆ ಏನು ಉಳೀತಿತ್ತು?"

ಈ ಸಂಗತಿಯನ್ನು ಮನೆಯಲ್ಲಿ ಯಾರೂ ಶಾದಿಯಾಳಿಗೆ ಹೇಳಿರಲಿಲ್ಲ. ಇನ್ಸಾಫ್ ಮೇಡಂ ಅಜ್ಜಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಚಹಾ ತರಿಸಿದರು. "ಅಮ್ಮಾ, ಇದನ್ನ ನಕಲಿನ ಪಕ್ಕದಲ್ಲಿ ಬರೆಸಿ ಹಾಕಲಾ?"

"ಹಾಕಿ. ನನ್ನ ಹೆಸರು ದೊಡ್ಡದಾಗಿರಲಿ."

ಶಾದಿಯಾ ಕಪ್ಪು ಬಣ್ಣ ಕಲಸಿ, ಏಣಿ ಏರಿ ಮೂಲೆಗೆ ತೆಳುವಾಗಿ ಬಳಿಯತೊಡಗಿದಳು. ಅಜ್ಜಿ ಚಹಾ ಲೋಟ ಕೆಳಗಿಟ್ಟಳು.

"ಇನ್ನೂ ಕಪ್ಪು ಮಾಡೇ! ನಾನಲ್ಲಿ ಮನೆ ಮಂದಿಗೆಲ್ಲ ರೊಟ್ಟಿ ಸುಡ್ತಿದ್ದೆ, ಕೂತ್ಕೊಂಡು ಸಿಗರೇಟು ಸೇದ್ತಿದ್ನಾ?"

ಶಾದಿಯಾ ನಕ್ಕ ರಭಸಕ್ಕೆ ಕುಂಚ ಜಾರಿ, ಅವಳ ಮೂಗಿಗೇ ಮಸಿ ಮೆತ್ತಿತು.