ಹುಣ್ಣಿಮೆಯ ಮುಹೂರ್ತ

ಬೆಟ್ಟದ ಮೇಲಿನವರಿಗೆ ಹುಣ್ಣಿಮೆ ಎಂದರೆ ಚೆಂದ. ಉತ್ತರ ಕರಾವಳಿಯ ನಮಗೆ ಹುಣ್ಣಿಮೆ ಎಂದರೆ ಅಡುಗೆಮನೆಯಲ್ಲಿ ಸಮುದ್ರ. ಜಾವಾ ದ್ವೀಪವೂ ಒಂದೇ, ಚಂದ್ರನೂ ಒಬ್ಬನೇ. ಆದರೂ ಬೆಟ್ಟದೂರು ತೆಮಂಗುಂಗಿನ ಹೊಗೆಸೊಪ್ಪಿನ ಧಣಿ ಸುದಾರ್ಮೊ, ಮಗನ ಮದುವೆಗೆ ದಿನ ಕೂಡಿ ಕಳೆದು, ಜಾವಾ ಪಂಚಾಂಗದ ಬೆಸಾರ್ ತಿಂಗಳ ಹುಣ್ಣಿಮೆಯನ್ನೇ ಆರಿಸಿದರು. ಅದೂ ಮಧ್ಯಾಹ್ನ ಎರಡಕ್ಕೆ.

"ಆ ಹೊತ್ತಿಗೇ ನೀರು ಏರ್ತದಲ್ಲಕ್ಕ, ಹೇಳ್ಬಿಡೋಣ್ವಾ?" ಎಂದೆ. ಹುಡುಗಿಯ ತಾಯಿ ಕಸ್ಮಿನಾ ನನ್ನ ಅಕ್ಕ.

"ಸುಮ್ನಿರೋ ರುಕಾನಿ. ಹೇಳಿದ್ರೆ ಗದ್ದೆ ಎಲ್ಲಿ ಅಂತ ಕೇಳ್ತಾರೆ."

ಅವಳ ಭಯ ಅದೇ. ಸುದಾರ್ಮೊ ಈ ಸಂಬಂಧಕ್ಕೆ ಒಪ್ಪಿದ್ದು ನಮ್ಮ ಹುಡುಗಿ ಮಸ್ರುರೋಳ ಮುಖ ನೋಡಿ ಅಲ್ಲ, ಅವಳ ಹೆಸರಿನ ಒಂದು ಹೆಕ್ಟೇರ್ ಗದ್ದೆಯ ಪತ್ರ ನೋಡಿ. ಪತ್ರ ಅಪ್ಪಟ ಅಸಲಿ. ಗದ್ದೆ ಮಾತ್ರ ಹತ್ತು ವರ್ಷದಿಂದ ಸಮುದ್ರದಲ್ಲಿದೆ. ಹೆಣ್ಣು ಕೇಳಲು ಬಂದ ಬೆಳಿಗ್ಗೆ ಇಳಿತವಿತ್ತು. ಹಿತ್ತಿಲಾಚೆಯ ಕೆಸರು ನೋಡಿ ಅವರು "ಒಳ್ಳೇ ಕಪ್ಪು ಮಣ್ಣು" ಎಂದು ತಲೆದೂಗಿದ್ದರು. ನಾವು ಬಾಯಿ ಬಿಡಲಿಲ್ಲ.

ನಮ್ಮ ಮನೆಯ ಬಾಗಿಲು ಎದೆಮಟ್ಟಕ್ಕಿದೆ. ನೆಲ ಕುಸಿದಾಗಲೆಲ್ಲ ಮಣ್ಣು ತುಂಬಿಸಿ ನಾಲ್ಕು ಸಲ ಎತ್ತರಿಸಿದ್ದೇವೆ. ಚಾವಣಿ ಇದ್ದಲ್ಲೇ ಇದೆ. ಸುದಾರ್ಮೊ ಬಗ್ಗಿ ಒಳಬಂದವರೇ, "ವಿನಯ ಕಲೀಲಿ ಅಂತ ಹಿರಿಯರು ಹೀಗೆ ಕಟ್ಟಿಸ್ತಿದ್ರು" ಎಂದು ನಮಗೇ ಪಾಠ ಹೇಳಿದ್ದರು.

ಮಸ್ರುರೋ, ಹುಡುಗ ತ್ರಿಯೋನೊ ಇಬ್ಬರೂ ಸೆಮಾರಾಂಗಿನ ಒಂದೇ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಇಂಥ ಕಾರ್ಖಾನೆಗಳು ನಮ್ಮ ಕಾಲಡಿಯ ನೀರು ಹೀರುತ್ತವೆ, ನೆಲ ಕುಸಿಯುತ್ತದೆ. ಅವೇ ಕೊಟ್ಟ ಸಂಬಳದಲ್ಲಿ ನಾವು ಮಣ್ಣು ಕೊಂಡು ನೆಲ ಎತ್ತರಿಸುತ್ತೇವೆ. ಇದಕ್ಕೆ ಅಭಿವೃದ್ಧಿ ಎನ್ನುತ್ತಾರಂತೆ.

ಮದುವೆಯ ದಿನ ಸುದಾರ್ಮೊ ಜಾವಾ ಪದ್ಧತಿಯಂತೆ ಬೆನ್ನಿಗೆ ಕಠಾರಿ, ಕಾಲಿಗೆ ಮಿರಮಿರ ಮಿಂಚುವ ಚಪ್ಪಲಿ ಹಾಕಿಕೊಂಡು ಬಂದು ಕೂತರು. ನಿಕಾಹ್ ಓದಿಸುವ ಖಾಜಿ ಹಿತ್ತಿಲ ಕಡೆಯಿಂದ ನನ್ನ ದೋಣಿಯಲ್ಲಿ ಬಂದರು. ಒಂದೂವರೆಗೆ ನೀರು ಹೊಸ್ತಿಲು ದಾಟಿತು. ನಾವು ಊಟದ ತಟ್ಟೆ ಬಿಡದೆ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಕೊಂಡೆವು.

"ಇದೇನ್ರೀ ಇದು?" ಸುದಾರ್ಮೊ ಚೀರಿದರು.

"ಸಮುದ್ರ, ಬೀಗರೇ. ದಿನಾ ಬರ್ತದೆ. ಇವತ್ತು ಹುಣ್ಣಿಮೆ ಅಲ್ವಾ, ಸ್ವಲ್ಪ ಜಾಸ್ತಿ," ಎಂದೆ.

"ಮತ್ತೆ ಗದ್ದೆ?"

"ಅದರ ಕೆಳಗಿದೆ," ಎಂದಳು ಅಕ್ಕ.

"ಮೋಸ! ಏಳೋ ತ್ರಿಯೋನೊ, ಹೋಗೋಣ!"

ಮಸ್ರುರೋ ಅಳಲು ಶುರುಮಾಡಿದಳು. ಸುದಾರ್ಮೊ ದಡಬಡನೆ ಎದ್ದರು, ಬಗ್ಗುವುದನ್ನು ಮರೆತು ಬಾಗಿಲಿಗೆ ಹಣೆ ಬಡಿದುಕೊಂಡರು. ಹೊರಗೆ ರಸ್ತೆ ಇರಲಿಲ್ಲ. ಅವರ ಕಾರಿನ ಚಕ್ರಗಳೂ ಕಾಣುತ್ತಿರಲಿಲ್ಲ.

"ನಿನ್ನ ದೋಣಿ ಬಿಚ್ಚಯ್ಯ!"

ಇಡೀ ಕೇರಿಗೆ ಆವತ್ತು ಅದೊಂದೇ ದೋಣಿ. ನಾನು ಅಲುಗಾಡಲಿಲ್ಲ. "ಬಿಚ್ತೀನಿ ಬೀಗರೇ, ನಿಕಾಹ್ ಮುಗೀಲಿ. ಎರಡು ಗಂಟೆ ಅಂತ ನೀವೇ ಇಟ್ಟಿದ್ದಲ್ವಾ? ಮುಹೂರ್ತ ಮೀರಿದ್ರೆ ನಿಮಗೇ ಕೇಡು."

ಅವರು ಗಡಿಯಾರ ನೋಡಿದರು. ಆಗ ತ್ರಿಯೋನೊ ಮೊದಲ ಸಲ ಬಾಯಿಬಿಟ್ಟ: "ಅಪ್ಪ, ನಾನು ಮದುವೆ ಆಗ್ತಿರೋದು ಗದ್ದೇನ ಅಲ್ಲ. ಬಂದು ಕೂತ್ಕೊಳ್ಳಿ. ಕಾಲು ಮೇಲಿಟ್ಕೊಳ್ಳಿ."

ಕೂತರು. ಕಾಲು ಮೇಲಿಟ್ಟರು. ಒಂದು ಚಪ್ಪಲಿ ಅಡುಗೆಮನೆಯ ಕಡೆ ತೇಲಿಹೋಯಿತು. ಖಾಜಿ ಮೇಜಿನ ಮೇಲೆ ಕೂತು ಸರಿಯಾಗಿ ಎರಡಕ್ಕೆ ಓದಿಸಿದರು.

ಆಮೇಲೆ ಹೇಳಿದ ಮಾತಿನಂತೆ ದೋಣಿ ಬಿಚ್ಚಿದೆ. ಬೀಗರು, ಮದುಮಕ್ಕಳು ಹತ್ತಿದರು. ಗದ್ದೆಯ ಮೇಲೆ ಹಾದುಹೋಗುವಾಗ ಸುದಾರ್ಮೊ ನೀರನ್ನೇ ದಿಟ್ಟಿಸುತ್ತ ಮೆಲ್ಲಗೆ ಕೇಳಿದರು: "ಇದು ಎಲ್ಲೀವರೆಗೆ ಬರ್ತದೆ?"

"ಇನ್ನೂ ಗೊತ್ತಾಗಿಲ್ಲ ಬೀಗರೇ. ವರ್ಷಾ ವರ್ಷಾ ಮೇಲೆ ಬರ್ತಾನೇ ಇದೆ. ನಿಮ್ಮ ಹೊಗೆಸೊಪ್ಪಿನ ಹೊಲ ಮುಟ್ಟಿದ ದಿನ ದೋಣಿ ತಗೊಂಡು ಬರ್ತೀನಿ."

ಸುದಾರ್ಮೊ ನಗಲಿಲ್ಲ. ಮಧ್ಯಾಹ್ನದಿಂದ ಅಳುತ್ತಿದ್ದ ಮಸ್ರುರೋ ನಕ್ಕಳು.