ದೇವರ ತಂಬಿಗೆಯ ಹಾಲು

ಅಂಗೂರಿಯ ಮೊಮ್ಮಗ ಲಲ್ಲಾನಿಗೆ ಮತ್ತೆ ಭೇದಿ ಶುರುವಾಗಿತ್ತು. ಮಥುರಾ ಕಡೆಯ ಆ ಹಳ್ಳಿಯಲ್ಲಿ ಮಕ್ಕಳ ಹೊಟ್ಟೆ ಕೆಡುವುದು ಸುದ್ದಿಯೇ ಅಲ್ಲ. ಹಲ್ಲು ಬರ್ತಿದೆ, ದೃಷ್ಟಿ ತಾಗಿದೆ ಎಂದು ಏನೋ ಹೇಳಿ ಸುಮ್ಮನಾಗುತ್ತಾರೆ.

ಆಶಾ ಕಾರ್ಯಕರ್ತೆ ವಿಮಲೇಶ್ ಸುಮ್ಮನಾಗಲಿಲ್ಲ. ಮಗುವಿಗೆ ಕುಡಿಸುವ ಹಾಲನ್ನು ಶೀಶೆಗೆ ಹಾಕಿ, ಅಷ್ಟೇ ನೀರು ಬೆರೆಸಿ ಜೋರಾಗಿ ಕುಲುಕಿದಳು. ಬಟ್ಟೆ ನೆನೆಸಿದ ಬಕೆಟಿನಂತೆ ನೊರೆ ಎದ್ದಿತು. ಇಳಿಯಲೇ ಇಲ್ಲ.

“ನೋಡಮ್ಮಾ, ಸೋಪಿನ ಪುಡಿ ಬೆರೆಸಿದ ಹಾಗಿದೆ. ಇದನ್ನ ಮಗೂಗೆ ಕೊಡಬೇಡಿ.”

“ಎಮ್ಮೆ ಹಾಲು ಕಣೇ, ನೊರೆ ಬರದೆ ಇನ್ನೇನು ಬರುತ್ತೆ? ತರಬೇತಿ ಕೊಟ್ಟು ಕೊಟ್ಟು ಸರ್ಕಾರ ನಿನ್ನ ತಲೆ ಕೆಡಿಸಿದೆ.”

“ಹಾಗಾದ್ರೆ ದೇವರ ಹಾಲನ್ನೂ ಕುಲುಕಿ ನೋಡೋಣ.”

ಹಾಲಿನ ಭೂರೇ ದಿನಾ ಎರಡು ಬಗೆಯ ಹಾಲು ತರುತ್ತಿದ್ದ. ದೊಡ್ಡ ಕ್ಯಾನಿನದು ಮನೆಯವರಿಗೆ. ತಂಬಿಗೆಯದು ದೇವರ ಗೂಡಿನ ಬಾಲಗೋಪಾಲನಿಗೆ. ದೇವರ ಹಾಲಿಗೆ ಏನೂ ಬೆರೆಸುವುದಿಲ್ಲ ಎಂದು ಆಣೆ ಹಾಕಿದ್ದ. ಊರಿಗೆಲ್ಲ ಅದು ಗೊತ್ತು. ಹಾಗಾದರೆ ಮಿಕ್ಕ ಹಾಲಿಗೆ ಏನು ಬೆರೆಸುತ್ತೀಯ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

“ಗೋಪಾಲನ ಹಾಲು ಮುಟ್ಟಿದ್ರೆ ನೋಡು,” ಎಂದಳು ಅಂಗೂರಿ. “ಭೂರೇ ನನ್ನ ತಮ್ಮ ಇದ್ದ ಹಾಗೆ. ವರ್ಷ ವರ್ಷ ರಾಖಿ ಕಟ್ತೀನಿ.”

ವಿಮಲೇಶ್ ದೂರು ಕೊಟ್ಟಳು. ಆಹಾರ ಸುರಕ್ಷತಾ ಅಧಿಕಾರಿಯ ಜೀಪು ಬಂದ ದಿನ ಅವಳು ಮಗುವನ್ನೂ ಅಂಗೂರಿಯ ಸೊಸೆ ಸರ್ವೇಶಳನ್ನೂ ಆಸ್ಪತ್ರೆಗೆ ಕರೆದೊಯ್ದಿದ್ದಳು. ಜೀಪು ಕಂಡದ್ದೇ ತಡ, ಭೂರೇ ಕ್ಯಾನನ್ನು ಚರಂಡಿಗೆ ಸುರಿದು ಹೊಲದ ಕಡೆ ಓಡಿದ. ಅಧಿಕಾರಿ ಅಂಗೂರಿಯ ಬಾಗಿಲಿಗೆ ಬಂದ.

“ಬೆಳಿಗ್ಗೆ ಅವನು ಹಾಕಿದ ಹಾಲು ತನ್ನಿ ತಾಯಿ. ಮಗು ಕುಡಿಯೋದನ್ನೇ.”

ಒಲೆಯ ಪಕ್ಕ ಪಾತ್ರೆಯಿತ್ತು. ದೇವರ ಮುಂದೆ ತಂಬಿಗೆಯಿತ್ತು. ರಾಖಿ ಕಟ್ಟಿದ ಕೈಗೆ ಕೋಳ ಬೀಳುವುದನ್ನು ನೆನೆದು ಅಂಗೂರಿ ತಂಬಿಗೆಯನ್ನೇ ತಂದುಕೊಟ್ಟಳು.

ವರದಿ ಬಂತು. ಹಾಲು ಶುದ್ಧ. “ಸರ್ಕಾರವೇ ಹೇಳಿದೆ, ಇನ್ನೇನು ಬೇಕು?” ಎನ್ನುತ್ತ ಭೂರೇ ಮತ್ತೆ ಓಣಿಯಲ್ಲಿ ಗಂಟೆ ಬಾರಿಸಿದ. ಎಲ್ಲರೂ ಕೊಂಡರು. ತಾನೇ ಕೊಟ್ಟ ಸುಳ್ಳನ್ನು ಅಂಗೂರಿಯೂ ನಂಬಿದಳು. ಲಲ್ಲಾನಿಗೆ ಮತ್ತೆ ಅದೇ ಹಾಲು ಕುಡಿಸಿದಳು.

ರಾಖಿ ಹುಣ್ಣಿಮೆಗೆ ಮೊದಲೇ ಲಲ್ಲಾ ತೀರಿಕೊಂಡ.

ಹುಣ್ಣಿಮೆಯ ದಿನ ಭೂರೇ ಬಂದು ಕೈ ಚಾಚಿದ. “ಕಟ್ಟು ಅಕ್ಕಾ. ದೇವರು ಕೊಟ್ಟಿದ್ದ, ದೇವರೇ ಕರಕೊಂಡ.”

ಅಂಗೂರಿ ಕದಲಲಿಲ್ಲ. ಮೂಲೆಯಿಂದ ಸರ್ವೇಶ್ ಹೇಳಿದಳು, “ಕಟ್ಟಿ ಅತ್ತೆ. ಹಾಲು ಶುದ್ಧ ಅಂತ ಬರೆಸಿಕೊಟ್ಟೋರು ನೀವೇ ಅಲ್ವಾ?”

ಅಂಗೂರಿ ಒಲೆಯ ಪಕ್ಕದ ಪಾತ್ರೆ ಎತ್ತಿಕೊಂಡು ವಿಮಲೇಶಳ ಮನೆಗೆ ನಡೆದಳು. “ಇವತ್ತು ಬೆಳಿಗ್ಗೆ ಭೂರೇ ಹಾಕಿದ್ದು, ಲಲ್ಲಾ ಕುಡೀತಿದ್ದ ಹಾಲೇ. ಯಾರಿಗೆ ಕೊಡಬೇಕು ಹೇಳು.”

“ಅಧಿಕಾರಿನ ಮತ್ತೆ ಕರೆಸ್ತೀನಿ ಅಮ್ಮಾ. ಬೇರೆ ಮಕ್ಕಳಾದ್ರೂ ಉಳೀತಾವೆ.”

“ನಮ್ಮದು?”

ವಿಮಲೇಶ್ ಪಾತ್ರೆ ಇಸಿದುಕೊಂಡಳು.

ಅಕ್ಕಂದಿರೇ, ಹಾಲಿನ ಮೇಲೆ ಅನುಮಾನ ಬಂದರೆ ಮೊದಲು ಮಗುವಿಗೆ ಕುಡಿಸುವುದನ್ನು ನಿಲ್ಲಿಸಿ. ಆಹಾರ ಸುರಕ್ಷತಾ ಕಚೇರಿಗೆ ತಿಳಿಸಿ. ಅವರು ಬಾಗಿಲಿಗೆ ಬಂದಾಗ ಮಗು ಕುಡಿಯುವ ಹಾಲನ್ನೇ ಕೊಡಿ, ಮಾರಿದವನು ನಿಮ್ಮ ಒಡಹುಟ್ಟಿದವನೇ ಆಗಿರಲಿ. ನೀವು ಕೊಟ್ಟದ್ದನ್ನಷ್ಟೇ ಅವರು ಪರೀಕ್ಷೆ ಮಾಡಬಲ್ಲರು.